ಐದನೇ ಡಬ್ಬ

ಎಡಗಡೆಯಿಂದ ನೋಡಿದರೆ ನನ್ನ ಅಂಬಾಸಿಡರ್ ಬಿಳಿ,
ಬಲಗಡೆಯಿಂದ ಕಪ್ಪು.
ನಾಯಕ ಬಂದಿಳಿದದ್ದು ಅದರಲ್ಲೇ, ಖಳ ಓಡಿದ್ದೂ ಅದರಲ್ಲೇ,
ಒಂದನ್ನೊಂದು ಅಟ್ಟಿಸಿಕೊಂಡು ಹೋದದ್ದೂ ಅದೊಂದೇ.
ಕುಂಬಳೆಯಿಂದ ಬದಿಯಡ್ಕದ ಕಡೆಗೆ ಕಪ್ಪಾಗಿ ಹೋಗಿ
ಬಿಳಿಯಾಗಿ ತಿರುಗಿ ಬರುತ್ತಿದ್ದೆ.
ಪೇಂಟಿನ ಬಾಬ್ತು ನೂರ ಎಂಬತ್ತು. ಇನ್ನೂ ಬಾಕಿ.

ಲಾದ್ರು ಕ್ರಾಸ್ತಾ, ಬೇಳದವರು.
ಕುಂಬಳೆ ಪೇಟೆಯಲ್ಲಿ ಸ್ಟುಡಿಯೋ.
ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು
ಅರ್ಧ ಊರನ್ನು ದುಬೈಗೆ ಹತ್ತಿಸಿದ ಮನುಷ್ಯ.
ಹೋಗುವವರಿಗೆಲ್ಲ ಒಂದೇ ಕೋಟು.
ಮೊದಲ ಸಿನೆಮಾದ ವಕೀಲ ಹಾಕಿಕೊಂಡದ್ದೂ ಅದನ್ನೇ,
ಅವನು ಬಿಚ್ಚಿಕೊಟ್ಟ ಮೇಲೆ ನ್ಯಾಯಾಧೀಶರು.

ಪರದೆಯ ಮೇಲೆ ಒಬ್ಬನದೇ ಹೆಸರು ಏಳು ಸಲ ಬಂದರೆ
ಜನ ನಗುತ್ತಾರೆಂದು
ಹೆಂಡತಿ ಪಿಯಾದ್‌ಬಾಯಿಯ ಪಾಲಿಗೆ ಮೂರು ಕೆಲಸ ಬರೆದರು.
ತಾಯಿಯ ಪಾತ್ರ ಮಾತ್ರ ಅವರು ನಿಜಕ್ಕೂ ಮಾಡಿದ್ದು,
ಸಂಬಳವಿಲ್ಲದೆ, ಪ್ರತಿ ಚಿತ್ರದಲ್ಲೂ.
ಸಂಕಲನ: ಅಂದುಞ್ಞಿ. ಅದು ನಾನು.
ನನಗೆ ಕತ್ತರಿಸಲು ಬರುವುದು ಬೊಂಡ ಒಂದೇ.

ಮದ್ರಾಸಿನ ದೊಡ್ಡವರು ಬಿಟ್ಟ ತುಂಡು ಫಿಲ್ಮನ್ನು
ರವಿಕೆ ಕಣದ ಹಾಗೆ ಅಳತೆ ಮಾಡಿ ತರುತ್ತಿದ್ದರು.
'ನಲವತ್ತು ಅಡಿ ಇದೆ, ಅಷ್ಟರೊಳಗೆ ಅಳಬೇಕು'
ಎಂದರೆ ಉಪ್ಪಳದ ಟೈಪಿಂಗ್ ಕ್ಲಾಸಿನ ರಾಜೀವಿ
ಮೂವತ್ತೆಂಟಕ್ಕೇ ಅತ್ತು ಮುಗಿಸಿದಳು.
ಮಿಕ್ಕ ಎರಡಡಿಯಲ್ಲಿ ಒಂದು ಕಾಗೆ ಹಾರಿತು.
ಅದನ್ನೂ ಬಿಡಲಿಲ್ಲ, ಹಾಡಿನ ನಡುವೆ ಸೇರಿಸಿದರು.

ಸಬ್ಸಿಡಿಗೆ ಅರ್ಜಿ ಹಾಕಿದ್ದುಂಟು.
ಬೆಂಗಳೂರಿನವರು ಬರೆದರು: ತಮ್ಮ ವಿಳಾಸ ಕೇರಳದ್ದು.
ತಿರುವನಂತಪುರದವರು ಬರೆದರು: ತಮ್ಮ ಚಿತ್ರ ಕನ್ನಡದ್ದು.
ಎರಡೂ ನಿಜವೇ.
ರಟ್ಟಿನ ಎರಡು ಬದಿಗೆ ಎರಡೂ ಕಾಗದ ಅಂಟಿಸಿ
ಕ್ಲಾಪ್ ಬೋರ್ಡು ಮಾಡಿಕೊಂಡರು.

ನಾಲ್ಕನೇ ಚಿತ್ರ. ಏಳು ಡಬ್ಬ, ಒಂದೇ ಪ್ರಿಂಟು.
ತಲಪಾಡಿ ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಬಂತು.
'ಏನು ಮಾಲು?'
'ಸಿನೆಮಾ.'
'ಮೌಲ್ಯ ಎಷ್ಟು?'
ಕ್ರಾಸ್ತಾ ಲೆಕ್ಕ ಹಾಕುತ್ತ ನಿಂತೇಬಿಟ್ಟರು:
ಪಿಯಾದ್‌ಬಾಯಿಯ ಚಕ್ರಸರ, ಅಡವಿಟ್ಟ ಸ್ಟುಡಿಯೋ,
ರಾಜೀವಿಗೆ ಕೊಡಿಸಿದ ಚಪ್ಪಲಿ, ನನ್ನ ಪೆಟ್ರೋಲು, ಆ ಕಾಗೆ.
ಹಿಂದೆ ಮೀನಿನ ಲಾರಿ ನೀರು ಸೋರಿಸುತ್ತ ಹಾರ್ನು ಹೊಡೆಯಿತು.
'ಗೊತ್ತಿಲ್ಲ ಸಾರ್' ಅಂದರು ಕೊನೆಗೆ.
ಅಷ್ಟಕ್ಕೆ ಒಂದು ಡಬ್ಬ ಇಳಿಸಿಕೊಂಡರು.
ಐದನೆಯದು. ತಾಯಿ ಸಾಯುವುದು ಅದರಲ್ಲಿ.

ಮಂಗಳೂರಿನಲ್ಲಿ ಆರೇ ಡಬ್ಬ ಓಡಿತು.
ನಾಲ್ಕರ ಕೊನೆಗೆ ತಾಯಿ ಕೆಮ್ಮಿದಳು,
ಆರರ ಮೊದಲಿಗೆ ಮಗ ತಲೆ ಬೋಳಿಸಿಕೊಂಡು ಕೂತಿದ್ದ.
ಯಾರೂ ಏನೂ ಕೇಳಲಿಲ್ಲ.
ಒಬ್ಬಾಕೆ ಮಾತ್ರ ಹೊರಗೆ ಬರುತ್ತ ಮೂಗೊರಸಿಕೊಂಡು
'ಸಾಯುವುದು ತೋರಿಸಲಿಲ್ಲ, ಪುಣ್ಯ' ಅಂದಳಂತೆ.
ಇದನ್ನು ನನಗೆ ನೂರು ಸಲ ಹೇಳಿದ್ದಾರೆ,
ಕೆಲವು ಸಲ ಹೆಮ್ಮೆಯಲ್ಲಿ, ಕೆಲವು ಸಲ ಬೈಗುಳದಂತೆ.
ನಾಲ್ಕು ದಿನದ ಗಲ್ಲಾಪೆಟ್ಟಿಗೆಯಲ್ಲಿ
ಡಬ್ಬ ಬಿಡಿಸುವಷ್ಟು ದಂಡ ಹುಟ್ಟಲಿಲ್ಲ.

ಆಮೇಲೆ ಇನ್ನೂ ಮೂರು ತೆಗೆದರು. ಹೆಸರು ಬೇಡ.
ಆಮೇಲೆ ಮದುವೆ ವಿಡಿಯೋ.
ಪಿಯಾದ್‌ಬಾಯಿ ಆಸ್ಪತ್ರೆಯಲ್ಲಿ ಹೋದ ಹೊತ್ತಿಗೆ
ಕ್ರಾಸ್ತಾ ಮಂಜೇಶ್ವರದಲ್ಲಿ ಯಾವುದೋ ವರನಿಗೆ
ಇನ್ನೊಮ್ಮೆ ಉಂಗುರ ಹಾಕಿಸುತ್ತಿದ್ದರು.

ಮೊನ್ನೆ, ಹೆದ್ದಾರಿ ಆರು ಪಥವಾಗಿ
ಚೆಕ್‌ಪೋಸ್ಟ್ ಕೆಡವಿದ್ದಾರೆಂದು ಕೇಳಿ
'ಹೋಗುವನಾ?' ಎಂದರು.
ಈಗಿರುವುದು ಮಗನ ಆಲ್ಟೊ, ಸುತ್ತಲೂ ಒಂದೇ ಬಣ್ಣ.
ಆದರೂ ಬಿಸಿಲು ಯಾವ ಕಡೆಗೆಂದು ನೋಡಿಯೇ ಹತ್ತಿದರು.

ಶೆಡ್ಡಿನ ಜಾಗದ ಹತ್ತಿರ ಒಂದು ಗೂಡಂಗಡಿ.
ಚಪ್ಪಟೆ ತಗಡಿನ ದುಂಡು ಡಬ್ಬದಲ್ಲಿ ಚಕ್ಕುಲಿ.
ಮುಚ್ಚಳದ ಮೇಲೆ ಅವರದೇ ಕೈಬರಹ:
ಸಿನೆಮಾದ ಹೆಸರನ್ನು ಎಣ್ಣೆ ತಿಂದಿದೆ, ೫ ಉಳಿದಿದೆ.
'ಎಷ್ಟು?' ಎಂದರು.
'ಚಕ್ಕುಲಿಯಾ? ಎರಡಕ್ಕೆ ಹದಿನೈದು.'
ಡಬ್ಬ ಕೇಳಲೆಂದು ನಾನು ಬಾಯಿ ತೆರೆದೆ,
ಮೊಣಕೈ ಹಿಡಿದು ಎಳೆದರು.

ಹೊಸಂಗಡಿ ದಾಟಿದ ಮೇಲೆ, ಅರ್ಧ ಚಕ್ಕುಲಿ ಕೈಯಲ್ಲೇ ಇಟ್ಟುಕೊಂಡು,
'ಚೆನ್ನಾಗಿ ಸತ್ತಿದ್ದಳು ಅಂದುಞ್ಞಿ' ಎಂದರು.
'ಎಪ್ಪತ್ತು ಅಡಿ. ಒಂದೇ ಟೇಕು.'